ಮಲ್ಲಿಗೆಯ ಕಟ್ಟಿನಲ್ಲಿ ಅಲೈನರ್

ವನೆಸ್ಸಾಳ ಹಲ್ಲು ಕಾಣೆಯಾಗಿತ್ತು.

ಬಾಯೊಳಗಿನ ಹಲ್ಲಲ್ಲ. ಅವು ಒಂದರ ಮೇಲೊಂದು ಹತ್ತಿಕೊಂಡು ಅಲ್ಲೇ ಇದ್ದವು. ಅವನ್ನು ಸಾಲಿಗೆ ತರಲು ಮಣಿಪಾಲದ ಡಾಕ್ಟರು ಕೊಟ್ಟಿದ್ದ ಅಲೈನರ್ ಕಾಣುತ್ತಿರಲಿಲ್ಲ. ಹಲ್ಲಿನ ಮೇಲೆ ಟೋಪಿಯ ಹಾಗೆ ಕೂರುವ, ಬಣ್ಣವೇ ಇಲ್ಲದ ತೆಳ್ಳನೆಯ ಪ್ಲಾಸ್ಟಿಕ್ ಅದು.

"ಅಜ್ಜೀ, ಇಲ್ಲೊಂದು ಬಾಳೆಎಲೆ ಇತ್ತಲ್ಲ, ಎಲ್ಲಿ?"

"ಅದರಲ್ಲೇ ಮಲ್ಲಿಗೆ ಸುತ್ತಿದೆ. ಡೆನ್ವರ್ ತೆಗೆದುಕೊಂಡು ಹೋದ," ಎಂದರು ಆಲಿಸಜ್ಜಿ. "ಎಂತ ಆಯ್ತು?"

ವನೆಸ್ಸಾ ತಲೆಯ ಮೇಲೆ ಕೈಹೊತ್ತು ಕೂತಳು.

ಆದದ್ದು ಇಷ್ಟು. ತಿಂಡಿ ತಿನ್ನುವಾಗ ಅಲೈನರ್ ತೆಗೆಯಬೇಕು, ತೆಗೆದದ್ದನ್ನು ಡಬ್ಬಿಗೇ ಹಾಕಬೇಕು. ಇದನ್ನು ಡಾಕ್ಟರು ಮೂರು ಸಲ ಹೇಳಿದ್ದರು, ಅಮ್ಮ ಮೂವತ್ತು ಸಲ. ಶನಿವಾರ ರಜೆಯೆಂದು ವನೆಸ್ಸಾ ನಿಧಾನವಾಗಿ ನೀರುದೋಸೆಗೆ ಕೂತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಡೆನ್ವರ್ ಸೈಕಲ್ ಬೆಲ್ ಹೊಡೆಯುತ್ತಾ ಬಂದ. ಅವನೂ ಅವಳದೇ ಕ್ಲಾಸು. ಅವನ ಕಿವಿಗೆ ಬಿದ್ದ ಸುದ್ದಿ ಲಾಸ್ಟ್ ಬೆಂಚಿಗೆ ಮುಟ್ಟಲು ಐದು ನಿಮಿಷ ಸಾಕು.

ಅಲೈನರ್ ಹಾಕಿ ಮೂರು ವಾರವಾಗಿತ್ತು. ಯಾರಿಗೂ ಗೊತ್ತಾಗಬಾರದೆಂದು ವನೆಸ್ಸಾ ಶಾಲೆಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟೇ ಮಾತಾಡುತ್ತಿದ್ದಳು. ಹಾಗಾಗಿ ಕೈಯಲ್ಲಿದ್ದ ಅಲೈನರನ್ನು ಪಕ್ಕದ ಬಾಳೆಎಲೆಯ ಮಡಿಕೆಯೊಳಗೆ ತಳ್ಳಿ, ಏನೂ ಅರಿಯದವಳಂತೆ ದೋಸೆ ತಿಂದಳು. ಅಜ್ಜಿ ಅದೇ ಎಲೆಯಲ್ಲಿ ಹೂ ಸುತ್ತಿ, ಬಾಳೆನಾರಿನಿಂದ ಕಟ್ಟಿ, ಹೂವಿನ ಕಟ್ಟೆಗೆ ಮುಟ್ಟಿಸೆಂದು ಡೆನ್ವರನ ಕೈಗೇ ಕೊಟ್ಟರು.

ಎರಡು ದಿನ ಹಾಕದಿದ್ದರೂ ಹಲ್ಲು ಹಿಂದಕ್ಕೆ ಸರಿಯುತ್ತದೆ ಎಂದಿದ್ದರು ಡಾಕ್ಟರು. ಹೂವಿನ ವ್ಯಾನು ಉಡುಪಿಗೆ ಹೊರಡುವ ಹೊತ್ತೂ ಆಗಿತ್ತು. ವನೆಸ್ಸಾ ಚಪ್ಪಲಿಯನ್ನೂ ಹಾಕದೆ ಓಡಿದಳು.

ಊರಿನ ಮಲ್ಲಿಗೆಯೆಲ್ಲ ಬಂದು ಸೇರುವ ಶಂಕರಪುರದ ಹೂವಿನ ಕಟ್ಟೆಯಲ್ಲಿ ಎಡ್ವಿನ್ ಅಂಕಲ್ ವ್ಯಾನಿಗೆ ಕಟ್ಟುಗಳನ್ನು ತುಂಬಿಸುತ್ತಿದ್ದರು. ಎಲ್ಲವೂ ಒಂದೇ ತರದ ಹಸಿರು ಕಟ್ಟುಗಳು. ಡೆನ್ವರ್ ಇನ್ನೂ ಅಲ್ಲೇ ಸೈಕಲ್ ಮೇಲೆ ಕೂತು ಚಿಕ್ಕಿ ತಿನ್ನುತ್ತಿದ್ದ.

"ಅಂಕಲ್, ನಮ್ಮ ಕಟ್ಟನ್ನು ಒಮ್ಮೆ ಬಿಚ್ಚಬೇಕು."

"ಯಾಕೆ?"

ವನೆಸ್ಸಾ ಡೆನ್ವರನನ್ನು ನೋಡಿದಳು. ವ್ಯಾನನ್ನು ನೋಡಿದಳು. ಡ್ರೈವರ್ ಹಾರ್ನ್ ಹೊಡೆದ.

"ಅದರಲ್ಲಿ ನನ್ನ ಹಲ್ಲು ಉಂಟು."

ಹೂ ತಂದಿದ್ದ ಅಕ್ಕು ಅಜ್ಜಿ ಹತ್ತಿರ ಬಂದು ಅವಳ ಬಾಯೊಳಗೆ ಇಣುಕಿದರು. "ಎಲ್ಲ ಇಲ್ಲೇ ಉಂಟಲ್ಲ ಮಗಾ. ಎರಡು ಹೆಚ್ಚೇ ಉಂಟು."

"ಈ ಹಲ್ಲಲ್ಲ ಅಜ್ಜಿ. ಹಲ್ಲು ಸರಿ ಮಾಡ್ಲಿಕ್ಕೆ ಹಾಕುವ ಅಲೈನರ್."

ಡೆನ್ವರ್ ಚಿಕ್ಕಿ ಅಗಿಯುವುದನ್ನೇ ಮರೆತಿದ್ದ.

"ಇಪ್ಪತ್ತು ವರ್ಷದಿಂದ ಹೂ ಕಳಿಸ್ತಾ ಇದ್ದೇನೆ. ಹಲ್ಲು ಕಳಿಸಿದ್ದಿಲ್ಲ," ಎನ್ನುತ್ತಾ ಎಡ್ವಿನ್ ಅಂಕಲ್ ವ್ಯಾನು ಹತ್ತಿದರು. ಆಲಿಸಜ್ಜಿ ಯಾವಾಗಲೂ ನಾರಿಗೆ ಎರಡು ಗಂಟು ಹಾಕುವವರು. ಅಂಕಲ್ ಆ ಗಂಟನ್ನೇ ಹುಡುಕಿ ಕಟ್ಟನ್ನು ತಂದು ಬಿಚ್ಚಿದರು. ಮಲ್ಲಿಗೆಯ ನಡುವೆ ಅಲೈನರ್ ಹಾಯಾಗಿ ಮಲಗಿತ್ತು.

"ಉಡುಪಿಯಲ್ಲಿ ಯಾರಾದರೂ ಮುಡಿದುಕೊಳ್ತಿದ್ದರು," ಎಂದರು ಅಕ್ಕು ಅಜ್ಜಿ.

ಕಟ್ಟೆಯ ನಲ್ಲಿಯಲ್ಲಿ ಅಲೈನರನ್ನು ಚೆನ್ನಾಗಿ ತೊಳೆದು ವನೆಸ್ಸಾ ಹಾಕಿಕೊಂಡಳು. ಡೆನ್ವರ್ ಹತ್ತಿರ ಬಂದ.

"ಎಲ್ಲಿ, ತೋರಿಸು."

ಇನ್ನು ಅಡಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ವನೆಸ್ಸಾ ಹಲ್ಲು ಕಿರಿದಳು. ಡೆನ್ವರ್ ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ.

"ಎಂತದೂ ಕಾಣುವುದಿಲ್ಲ ಮಾರಾಯ್ತಿ. ಯಾವಾಗಿನಿಂದ ಹಾಕ್ತಾ ಇದ್ದೀ?"

"ಮೂರು ವಾರದಿಂದ."

"ಹಾಗಾದರೆ ನಿನಗೆ ಹಲ್ಲುನೋವು ಇಲ್ವಾ? ಯಾವಾಗ ನೋಡಿದರೂ ಬಾಯಿಗೆ ಕೈ. ಹಲ್ಲುನೋವು ಅಂತಲೇ ಇಡೀ ಕ್ಲಾಸು ಎಣಿಸಿದ್ದು."

ವನೆಸ್ಸಾಳಿಗೆ ನಗು ಉಕ್ಕಿತು. ಅಭ್ಯಾಸದಂತೆ ಕೈ ಬಾಯಿಯ ಕಡೆಗೆ ಏರಿ ಅರ್ಧದಲ್ಲೇ ನಿಂತಿತು. ಆಮೇಲೆ ಅದನ್ನು ಏನು ಮಾಡುವುದೆಂದು ತಿಳಿಯದೆ ಮೂಗು ತುರಿಸಿಕೊಂಡಳು.

ಸೋಮವಾರ ಊಟದ ಬೆಲ್ ಆದಾಗ ಅವಳು ಟಿಫಿನ್ ಬಾಕ್ಸಿಗಿಂತ ಮೊದಲು ಅಲೈನರಿನ ಡಬ್ಬಿಯನ್ನು ತೆಗೆದು ಡೆಸ್ಕಿನ ಮೇಲೆ ಇಟ್ಟಳು.