ಸಮ ತಾರೀಖಿನ ಬೈಕು

ನಾರಾಯಣ ಪೇಠೆಯ ಆ ಓಣಿಯಲ್ಲಿ ಗಾಡಿ ನಿಲ್ಲಿಸಲಿಕ್ಕೇ ಜಾಗವಿಲ್ಲ, ಇನ್ನು ಪ್ರೇಮಕ್ಕೆ ಎಲ್ಲಿಂದ ಬರಬೇಕು. ಎರಡು ಸ್ಕೂಟರು ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು. ಪುಣೆಯಲ್ಲಿ ಹಿಂದಕ್ಕೆ ಸರಿದವರನ್ನು ಕಂಡವರಿಲ್ಲ. ಅದಕ್ಕೇ ಟ್ರಾಫಿಕ್ ಪೊಲೀಸರು ಎರಡೂ ಕಡೆ ಬೋರ್ಡು ನೆಟ್ಟಿದ್ದರು. ಬೆಸ ತಾರೀಖಿಗೆ ಗಾಡಿಗಳೆಲ್ಲ ಹಾರ್ಮೋನಿಯಂ ಅಂಗಡಿಯ ಬದಿಗೆ, ಸಮ ತಾರೀಖಿಗೆ ಎದುರಿನ ಹಳೇ ಅಂಗಳದ ಮನೆ ಖಾಂಬೇಟೆ ವಾಡೆಯ ಬದಿಗೆ. ಓಣಿಯ ಜನ ಹಲ್ಲುಜ್ಜುವ ಮೊದಲು ತಾರೀಖು ನೋಡುತ್ತಿದ್ದರು.

ಏಪ್ರಿಲ್ ನಾಲ್ಕರ ಬೆಳಿಗ್ಗೆ ಶಾಲ್ಮಲಿ ಖಾಂಬೇಟೆ ಸ್ಕೂಟರು ಹೊರಗೆ ತರಲೆಂದು ವಾಡೆಯ ಬಾಗಿಲು ತೆಗೆದಳು. ಎದುರಿಗೊಂದು ಕರಿಯ ಮೋಟರ್ ಸೈಕಲ್ಲು, ಹಾದಿಗೆ ಕಾಲು ಚಾಚಿ ಕೂತ ಬೀಗರ ಹಾಗೆ, ಬಾಗಿಲಿಗೆ ಅಡ್ಡವಾಗಿ ನಿಂತಿತ್ತು.

ಅವಳು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ಮುದುಕರ ಮೊಣಕಾಲು ಬಗ್ಗಿಸುವುದು ಅವಳ ಕೆಲಸ. ಐದು ನಿಮಿಷ ತಡವಾದರೆ ಸಾಕು, ಮುದುಕರು ಅದನ್ನೇ ನೆಪ ಮಾಡಿಕೊಂಡು ಮಲಗಿಬಿಡುತ್ತಾರೆ. ಬಿಸಿಲಿಗೆ ಆ ಊರಿನ ಹುಡುಗಿಯರು ಕಟ್ಟುವ ಹಾಗೆ ತಲೆ, ಮುಖ, ಕತ್ತು ಎಲ್ಲವನ್ನೂ ಸ್ಕಾರ್ಫಿನಲ್ಲಿ ಬಿಗಿದುಕೊಂಡಿದ್ದಳು. ಹೊರಗಿದ್ದದ್ದು ಎರಡು ಕಣ್ಣು ಮಾತ್ರ, ಮತ್ತು ಜಗಳಕ್ಕೆ ಅಷ್ಟು ಸಾಕಿತ್ತು.

"ಯಾರದ್ರೀ ಈ ಗಾಡಿ?"

ಎದುರು ಮಹಡಿಯಿಂದ ಒಂದೇ ಸಮನೆ ಕೇಳುತ್ತಿದ್ದ ಹಾರ್ಮೋನಿಯಂ ಸ್ವರ ನಿಂತಿತು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಗಂಡಸು ಮೆಟ್ಟಿಲಿಳಿದು ಬಂದ.

"ನಂದು. ಇವತ್ತು ನಾಲ್ಕು. ಸಮ ತಾರೀಖು, ಈ ಬದಿ."

"ಬದಿ ಅಂದ್ರೆ ಬಾಗಿಲೂ ಸೇರಿತಾ?"

"ಬಾಗಿಲು ಮುಚ್ಚಿತ್ತಲ್ಲ."

"ಮುಚ್ಚಿದ್ರೇನೇ ಅದನ್ನ ಬಾಗಿಲು ಅನ್ನೋದು. ಇಲ್ಲದಿದ್ರೆ ತೂತು ಅಂತಾರೆ."

ಅವನು ಬಾಗಿಲನ್ನು ನೋಡಿದ, ಅವಳ ಕಣ್ಣುಗಳನ್ನು ನೋಡಿದ, ಸ್ವಲ್ಪ ಯೋಚಿಸಿದ. "ಅದೂ ನಿಜಾನೇ," ಎಂದು ಗಾಡಿ ಸರಿಸಿದ.

ಶಾಲ್ಮಲಿಗೆ ಮೈಯೆಲ್ಲ ಉರಿಯಿತು. ಜಗಳಕ್ಕೆ ಸೆರಗು ಕಟ್ಟಿ ನಿಂತವಳ ಮುಂದೆ ಎದುರಾಳಿ ಮೊದಲ ಮಾತಿಗೇ ಒಪ್ಪಿಕೊಂಡುಬಿಟ್ಟರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಪ್ರಭಾತ್ ರಸ್ತೆಯವರೆಗೂ ಅವಳು ಹೇಳದೆ ಉಳಿದ ಮಾತುಗಳನ್ನು ಸ್ಕಾರ್ಫಿನೊಳಗೇ ಗೊಣಗುತ್ತ ಹೋದಳು.

ಮನೆಯಲ್ಲಿ ಈ ಸುದ್ದಿ ಕೇಳಿದ್ದು ಸಿಂಧು ಆತ್ಯಾ. ಶಾಲ್ಮಲಿಯ ತಂದೆಯ ಅಕ್ಕ, ಅವಳನ್ನು ಸಾಕಿದವರು, ನಿವೃತ್ತ ಗಣಿತದ ಟೀಚರು. ಬೇರೆ ಊರಿನವರು ಬಾಗಿಲಿಗೆ ತೋರಣ ಕಟ್ಟಿದರೆ ಆ ಪೇಠೆಯವರು ಬೋರ್ಡು ತೂಗುಹಾಕುತ್ತಾರೆ. ಆತ್ಯಾ ಅಂದೇ ಒಂದು ಬರೆದರು: "ಈ ಬಾಗಿಲ ಮುಂದೆ ಗಾಡಿ ನಿಲ್ಲಿಸುವವರು ಒಳಗೆ ಬಂದು ತಮಗೆ ಬುದ್ಧಿ ಇಲ್ಲವೆಂದು ತಿಳಿಸಿ ಹೋಗಬೇಕು. ನಾವೇ ಊಹಿಸಿಕೊಳ್ಳುವುದು ಸಭ್ಯತೆಯಲ್ಲ."

ಆರನೇ ತಾರೀಖು ರಜೆಯ ದಿನ. ಶಾಲ್ಮಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಕೂತಿದ್ದಾಗ ಅವನು ಒಳಗೆ ಬಂದ. ಕೈ ಕಟ್ಟಿಕೊಂಡು ಆತ್ಯಾರ ಮುಂದೆ ನಿಂತ.

"ಏನಪ್ಪಾ?"

"ತಿಳಿಸಿ ಹೋಗೋಣ ಅಂತ ಬಂದೆ, ಕಾಕೂ. ನಂಗೆ ಬುದ್ಧಿ ಇಲ್ಲ. ಮೊನ್ನೆ ನಿಮ್ಮ ಬಾಗಿಲ ಮುಂದೆ ಗಾಡಿ ನಿಲ್ಲಿಸಿದ್ದು ನಾನೇ."

ವರ್ಷಗಳಿಂದ ಆತ್ಯಾ ಬರೆದ ಬೋರ್ಡುಗಳನ್ನು ಓದಿ ಬೈದವರುಂಟು, ಅವುಗಳ ಮೇಲೆ ಪಾನ್ ಉಗಿದವರುಂಟು. ಪಾಲಿಸಿದವನು ಇವನೊಬ್ಬನೇ. ಆತ್ಯಾ ತಬ್ಬಿಬ್ಬಾದರು. ಹೆಸರು ಕೇಳಿದರು, ಕೌಸ್ತುಭ ಧುಮಾಳ, ಸಾತಾರಾ ಕಡೆಯವನು, ಎದುರಿನ ಹಾರ್ಮೋನಿಯಂ ಅಂಗಡಿ ಅವನ ಸೋದರಮಾವನದು, ಅಲ್ಲಿ ಸ್ವರ ಕೂಡಿಸುವುದು ಅವನ ಕೆಲಸ. ಆಮೇಲೆ ಆತ್ಯಾ ಚಹಾ ಮಾಡಿಸಿದರು. ಆ ಮನೆಯಲ್ಲಿ ಕೇಳದೆ ಚಹಾ ಸಿಗುವುದೆಂದರೆ ಸಣ್ಣ ಮಾತಲ್ಲ.

ಚಹಾ ತಂದವಳನ್ನು ಕೌಸ್ತುಭ ಮೊದಲು ಗುರುತಿಸಲಿಲ್ಲ. ಎಣ್ಣೆ ಜಿಡ್ಡಿನ ಹಣೆ, ಮೂಗಿನ ಮೇಲೊಂದು ಮಚ್ಚೆ, ನಗು ಬಂದರೂ ಬಿಡಬಾರದೆಂದು ಒಳಕ್ಕೆಳೆದುಕೊಂಡ ತುಟಿ. ಅವನ ನೋಟ ಇವೆಲ್ಲದರ ಮೇಲೆ ಸುಮ್ಮನೆ ಹಾದು ಕಣ್ಣಿಗೆ ಬಂದು ನಿಂತಿತು.

"ಓ. ನೀವೇನಾ."

"ಯಾಕೆ, ಬೇರೆ ಯಾರು ಅಂದ್ಕೊಂಡ್ರಿ?"

"ಸ್ಕಾರ್ಫಿನ ಒಳಗೆ ಇನ್ನೂ ಸಿಟ್ಟಿನ ಮುಖ ಇರುತ್ತೆ ಅಂದ್ಕೊಂಡಿದ್ದೆ."

ಅವನ ಕೈಗೆ ಕೊಡಬೇಕಾದ ಕಪ್ಪನ್ನು ಅವಳು ಆತ್ಯಾರ ಕೈಗೆ ಕೊಟ್ಟುಬಿಟ್ಟಳು. ಮೂವತ್ತೆರಡು ವರ್ಷದಲ್ಲಿ ಅವಳು ಹಾಗೆ ತಡಬಡಿಸಿದ್ದು ಅಪರೂಪ.

ಅಲ್ಲಿಂದ ಮುಂದೆ ಸಮ ತಾರೀಖು ಬಂತೆಂದರೆ ಕೌಸ್ತುಭ ಎಲ್ಲರಿಗಿಂತ ಮೊದಲು ಬಂದು, ಬಾಗಿಲ ಪಕ್ಕದ ಗೋಡೆಗೆ ಒತ್ತಿ ಬೈಕು ನಿಲ್ಲಿಸತೊಡಗಿದ. ಬಾಗಿಲ ಮುಂದೆ ಇನ್ಯಾರಾದರೂ ಗಾಡಿ ನುಗ್ಗಿಸಿದರೆ ಮಹಡಿಯಿಂದಲೇ ಗದರುತ್ತಿದ್ದ. ಶಾಲ್ಮಲಿ ಸ್ಕೂಟರು ತಳ್ಳಿಕೊಂಡು ಹೊರಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಬೈಕು ಒರೆಸುವ ಕೆಲಸ ಬೀಳುತ್ತಿತ್ತು.

"ದಿನಾ ಒರೆಸ್ತೀರಲ್ಲ, ಬಣ್ಣ ಉಳಿಯುತ್ತಾ?"

"ದಿನಾ ಎಲ್ಲಿ. ದಿನ ಬಿಟ್ಟು ದಿನ."

"ಬೆಸ ತಾರೀಖಿಗೆ ಧೂಳು ಕೂರಲ್ವಾ?"

"ಕೂರುತ್ತೆ. ನೋಡೋರಿಲ್ಲ ಅಂತ ಬಿಟ್ಟುಬಿಡ್ತೀನಿ."

ಅವಳ ಹುಬ್ಬು ಒಂದು ಎಳೆ ಮೇಲೇರುತ್ತಿತ್ತು. ಸ್ಕಾರ್ಫಿನಾಚೆ ಕಾಣುವುದೇ ಅಷ್ಟು. ಅವನು ಅಷ್ಟರಲ್ಲೇ ಎಲ್ಲವನ್ನೂ ಓದಲು ಕಲಿತಿದ್ದ. ಹುಬ್ಬು ಗಂಟಾದರೆ ಮೊದಲ ಪೇಷಂಟು ನಿವೃತ್ತ ಜಡ್ಜು. ಕಣ್ಣಿನ ಕೊನೆ ಸುಕ್ಕಾದರೆ ಒಳಗೆ ನಗುತ್ತಿದ್ದಾಳೆ. ಎರಡೂ ಇಲ್ಲದೆ ಸುಮ್ಮನೆ ಒಂದು ಗಳಿಗೆ ಹೆಚ್ಚಿಗೆ ನೋಡಿದರೆ ಏನೆಂದು ಮಾತ್ರ ಅವನಿಗೆ ಧೈರ್ಯವಾಗಿ ಹೇಳಿಕೊಳ್ಳಲಾಗುತ್ತಿರಲಿಲ್ಲ.

"ಶಾಲೂ," ಒಂದು ದಿನ ಆತ್ಯಾ ಮಾವಿನಕಾಯಿ ಹೆಚ್ಚುತ್ತ ಕೇಳಿದರು, "ಆ ಹಸಿರು ಕುರ್ತಾ ಎರಡರಿಂದ ಭಾಗ ಆಗೋ ತಾರೀಖಿಗೇ ಯಾಕೆ ಹಾಕ್ತೀಯ?"

"ಹಾಗೇನಿಲ್ಲ ಆತ್ಯಾ."

"ಎಂಟು, ಹನ್ನೆರಡು, ಹದಿನೆಂಟು. ನಾನು ಗಣಿತ ಕಲಿಸಿದವಳು ಕಣೇ."

ಶಾಲ್ಮಲಿ ಒಳಗೆ ಹೋದಳು. ಅವಳಿಗೇ ಗೊತ್ತಿಲ್ಲದ ವಿಷಯವಾಗಿರಲಿಲ್ಲ ಅದು. ಬೆಸ ತಾರೀಖುಗಳು ಸಪ್ಪಗಿರುತ್ತಿದ್ದವು. ಅವನು ಎದುರು ಬದಿಯಲ್ಲೇ ಇರುತ್ತಿದ್ದ, ನಾಲ್ಕು ಹೆಜ್ಜೆ ದಾಟಿದರೆ ಆಯಿತು. ಆದರೆ ದಾಟಲು ಕಾರಣ ಬೇಕಲ್ಲ. ಗಾಡಿಯ ನೆಪವಿಲ್ಲದೆ ಇಬ್ಬರಿಗೂ ಮಾತಾಡಲು ಬರುತ್ತಿರಲಿಲ್ಲ.

ನೆಪವಿಲ್ಲದ ಮಾತನ್ನು ಶಾಲ್ಮಲಿ ಬಿಟ್ಟು ಬಹಳ ಕಾಲವಾಗಿತ್ತು. ಹಿಂದೊಮ್ಮೆ ಅವಳ ನಿಶ್ಚಿತಾರ್ಥವಾಗಿತ್ತು. ಆ ಹುಡುಗ ಕೆಲವು ತಿಂಗಳು ಓಡಾಡಿ, ಕೊನೆಗೆ, ನೀನು ಎಲ್ಲದಕ್ಕೂ ವಾದ ಮಾಡ್ತೀಯ, ನಂಗೆ ಮನೇಲಿ ನೆಮ್ಮದಿ ಬೇಕು ಎಂದು ಉಂಗುರ ವಾಪಸು ಕೊಟ್ಟ. ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. ಪಾರ್ಕಿಂಗಿಗೆ, ರಿಕ್ಷಾದವರಿಗೆ, ನೀರಿನ ಬಿಲ್ಲಿಗೆ ಅವಳ ನಾಲಿಗೆ ಹರಿತವಾಗಿಯೇ ಉಳಿಯಿತು. ಮನಸ್ಸಿನ ವಿಷಯಕ್ಕೆ ಮಾತ್ರ ತಾನಾಗಿ ಮೊದಲು ಬಾಯಿ ತೆರೆಯಬಾರದೆಂದು ತೀರ್ಮಾನಿಸಿಬಿಟ್ಟಿದ್ದಳು. ಇನ್ನು ಕೌಸ್ತುಭನದು ಬೇರೆ ಅಂಜಿಕೆ. ಖಾಂಬೇಟೆಯವರ ಮನೆಗೂ ಧುಮಾಳರ ಮನೆಗೂ ನಡುವಿನ ಅಂತರ ಓಣಿಯ ಅಗಲದಷ್ಟೇ ಅಲ್ಲ, ಜಾತಿಯದೂ ಎಂದು ಅವನಿಗೆ ಗೊತ್ತಿತ್ತು.

ಮೇ ತಿಂಗಳ ನಡುವೆ ಅವನೇ ಸುದ್ದಿ ಹೇಳಿದ. ಅಂಗಡಿಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ. ಮಾವ ಊರ ಹೊರಗೆ ಹಡಪಸರದಾಚೆ ಜಾಗ ನೋಡಿದ್ದಾರೆ. ತಿಂಗಳ ಕೊನೆಗೆ ಖಾಲಿ.

"ಹಡಪಸರನಾ," ಎಂದಳು ಶಾಲ್ಮಲಿ. ಹೊರಟಿದ್ದ ಸ್ಕೂಟರಿಗೆ ಮತ್ತೆ ಸ್ಟ್ಯಾಂಡು ಹಾಕಿದಳು. "ಅಲ್ಲಿ ಪಾರ್ಕಿಂಗ್ ಹೇಗೆ?"

"ಮೈದಾನ ಇದೆ. ಹೇಗೆ ಬೇಕಾದ್ರೂ ನಿಲ್ಲಿಸಬಹುದು. ಕೇಳೋರೇ ಇಲ್ಲ."

"ಒಳ್ಳೇದಾಯ್ತು."

"ಹೌದು," ಎಂದ ಅವನು. ಒಳ್ಳೆಯದಾದವರ ಮುಖ ಇಬ್ಬರದೂ ಆಗಿರಲಿಲ್ಲ.

ಮೂವತ್ತನೇ ತಾರೀಖು ಬಂತು. ಅದೇ ಕೊನೆಯ ಸಮ ತಾರೀಖೆಂದು ಇಬ್ಬರಿಗೂ ಗೊತ್ತು. ಕೌಸ್ತುಭ ಹೊಳೆಯುವ ಟ್ಯಾಂಕನ್ನೇ ಮತ್ತೆ ಒರೆಸುತ್ತಿದ್ದ. ಶಾಲ್ಮಲಿ ಸ್ಕೂಟರು ಚಾಲೂ ಮಾಡಿ ಆರಿಸಿದಳು, ಮತ್ತೆ ಚಾಲೂ ಮಾಡಿದಳು. ಹೋಗಬೇಡಿ ಎನ್ನಬೇಕೆಂದು ರಾತ್ರಿಯೆಲ್ಲ ಅಂದುಕೊಂಡಿದ್ದವಳು, "ಟೈರಿಗೆ ಗಾಳಿ ಕಮ್ಮಿ ಇದೆ ನೋಡಿ," ಎಂದಳು.

"ಹಾಕಿಸ್ತೀನಿ." ಅವನು ಬಟ್ಟೆ ಮಡಚಿದ, ಬಿಡಿಸಿದ. "ನಾಳೆ ಟೆಂಪೋ ತುಂಬಿಸ್ತೀವಿ. ನಾಡಿದ್ದು ಒಂದು ಪೆಟ್ಟಿಗೆ ಒಯ್ಯೋಕೆ ಬರಬೇಕು. ನಾಡಿದ್ದು ಈ ಬದಿಗೇ ನಿಲ್ಲಿಸ್ತೀನಿ. ಆಗ… ಇರ್ತೀರಲ್ಲ?"

"ಇರ್ತೀನಿ."

ನಾಡಿದ್ದಿನ ಮೇಲೆ ಭಾರ ಹಾಕಿ ಇಬ್ಬರೂ ಬದುಕಿಕೊಂಡರು.

ಮರುದಿನ ಸಂಜೆ ಎದುರುಬದಿಯಲ್ಲಿ ಟೆಂಪೋ ತುಂಬುವುದನ್ನು ಶಾಲ್ಮಲಿ ಕಿಟಕಿಯಿಂದ ನೋಡುತ್ತ ನಿಂತಿದ್ದಳು. ಹಿಂದಿನಿಂದ ಆತ್ಯಾ ಬಂದರು.

"ಅಳ್ತಿದೀಯಾ?"

"ಇಲ್ಲ."

"ಅತ್ತರೂ ನಡೆಯುತ್ತೆ. ಹೇಳೋ ಮಾತು ಹೇಳ್ದೆ ಇರೋದು ಮಾತ್ರ ನಡೆಯಲ್ಲ."

"ಅವರು ಧುಮಾಳರು, ಆತ್ಯಾ. ಓಣಿ ಏನನ್ನುತ್ತೆ?"

"ಓಣಿ ನನ್ನ ಬೋರ್ಡು ಓದಿ ಇಷ್ಟು ವರ್ಷ ಅಂತಾನೇ ಇದೆ. ನಾನು ಕಲಿಸಿದ್ದು ಗಣಿತ, ಜಾತಕ ಅಲ್ಲ. ಆ ಹುಡುಗ ತಪ್ಪು ಮಾಡಿದಾಗ ಒಪ್ಪಿಕೊಳ್ತಾನೆ. ಅಂಥ ಗಂಡಸು ಈ ಪೇಠೆಯಲ್ಲಿ ನಂಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ನಾನೂ ಯೋಚಿಸ್ತಿದ್ದೆ."

ಮಾರನೆಯ ಬೆಳಿಗ್ಗೆ ಶಾಲ್ಮಲಿ ಮೊದಲ ಪೇಷಂಟಿಗೆ ಫೋನು ಮಾಡಿ ಬರುವುದಿಲ್ಲವೆಂದಳು. ಜಡ್ಜ್ ಸಾಹೇಬರು ಬಹಳ ಸಂತೋಷಪಟ್ಟರು. ಹೊರಗೆ ಪರಿಚಿತ ಬೈಕಿನ ಸದ್ದು ಬಂದು ಗೋಡೆಯ ಪಕ್ಕ ನಿಂತಿತು, ಮೆಟ್ಟಿಲು ಹತ್ತುವ ಹೆಜ್ಜೆ ಕೇಳಿಸಿತು. ಪೆಟ್ಟಿಗೆ ತಂದಿಟ್ಟ ಮೇಲೆ ಮಾತಾಡುತ್ತೇನೆ, ಮೊದಲ ವಾಕ್ಯ ಹೀಗಿರಲಿ, ಇಲ್ಲ ಹಾಗಿರಲಿ ಎಂದು ಅವಳು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು. ಆಗಲೇ ಓಣಿಯ ತುದಿಯಿಂದ ಧ್ವನಿವರ್ಧಕ ಕೂಗಿತು. ಗಾಡಿ ಎತ್ತಿಕೊಂಡು ಹೋಗುವ ಪೊಲೀಸ್ ವ್ಯಾನು. ಅದು ಕೂಗಿದ ನಂಬರು ಅವಳಿಗೆ ಬಾಯಿಪಾಠವಾಗಿದ್ದ ನಂಬರು.

ಶಾಲ್ಮಲಿ ಬರಿಗಾಲಲ್ಲಿ ಓಡಿದಳು. ಇಬ್ಬರು ಆಳುಗಳು ಆಗಲೇ ಬೈಕಿಗೆ ಕೈ ಹಚ್ಚಿದ್ದರು. ಪುಣೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ. ಸವಾರ ಕೂತಿರುವ ಗಾಡಿಗೆ ಆಳುಗಳು ಕೈ ಹಾಕುವುದಿಲ್ಲ. ಅವಳು ಅವರಿಬ್ಬರ ನಡುವೆ ನುಗ್ಗಿ ಸೀಟಿನ ಮೇಲೆ ಹತ್ತಿ ಕೂತುಬಿಟ್ಟಳು.

ಹವಾಲ್ದಾರ ವ್ಯಾನಿನಿಂದ ನಿಧಾನವಾಗಿ ಇಳಿದ. "ಇಳೀರಿ ಮ್ಯಾಡಮ್. ಇವತ್ತು ಈ ಬದಿ ನಿಲ್ಲಿಸೋ ಹಾಗಿಲ್ಲ."

"ಯಾಕಿಲ್ಲ? ನಿನ್ನೆ ಬೆಸ ಇತ್ತು. ಇವತ್ತು ಸಮ."

"ನಿನ್ನೆ ಎಷ್ಟು?"

"ಮೂವತ್ತೊಂದು."

"ಇವತ್ತು?"

ಶಾಲ್ಮಲಿ ಬೆರಳು ಮಡಚಿ ಎಣಿಸಿದಳು. ಇವತ್ತು ಒಂದು. ಬೆಸದ ಮೇಲೆ ಬೆಸ. ಮೂವತ್ತೊಂದು ದಿನದ ತಿಂಗಳು ಮುಗಿದ ಮರುದಿನ ಆ ಓಣಿಯಲ್ಲಿ ಯಾರಾದರೊಬ್ಬರು ಕೈಯ ರೂಢಿಗೆ ಬದಿ ಬದಲಿಸಿ ಸಿಕ್ಕಿಬೀಳುತ್ತಾರೆ, ವ್ಯಾನು ಅದಕ್ಕೆಂದೇ ಬೇಗ ಬರುತ್ತದೆ. ಗಣಿತದ ಟೀಚರು ಸಾಕಿದ ಹುಡುಗಿ ಇಡೀ ಓಣಿಯ ಮುಂದೆ ಒಂದನ್ನು ಸಮಸಂಖ್ಯೆ ಎಂದುಬಿಟ್ಟಿದ್ದಳು. ಒಳಗಿನಿಂದ ಆತ್ಯಾ ಕೆಮ್ಮಿದ್ದು ಕೇಳಿಸಿತು.

"ಗಾಡಿ ನಿಮ್ಮದಾ?" ಎಂದ ಹವಾಲ್ದಾರ.

"ಅಲ್ಲ."

"ಹಾಗಾದ್ರೆ ಇಳೀರಿ."

"ಇಳಿಯಲ್ಲ."

"ಯಾರದು ಅಂತಾದ್ರೂ ಹೇಳಿ. ಸುಮ್ಮನೆ ಕಂಡವರ ಗಾಡಿ ಮೇಲೆ ಕೂತ್ಕೊಂಡ್ರೆ ನಾನು ಬಿಡೋಕಾಗುತ್ತಾ?"

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಎದುರಿನ ಮೆಟ್ಟಿಲ ಕೆಳಗೆ ಕೌಸ್ತುಭ ಹಾರ್ಮೋನಿಯಂ ಪೆಟ್ಟಿಗೆಯನ್ನು ಎದೆಗೆ ಅಪ್ಪಿಕೊಂಡು ನಿಂತಿದ್ದ. ಶಾಲ್ಮಲಿ ಅವನನ್ನು ನೋಡಿದಳು. ಮುಚ್ಚಿಕೊಳ್ಳಲು ಸ್ಕಾರ್ಫೂ ಇರಲಿಲ್ಲ. ಈಗ ಹೇಳದಿದ್ದರೆ ಗಾಡಿ ಪೊಲೀಸ್ ಅಂಗಳಕ್ಕೆ, ಅವನು ಹಡಪಸರಕ್ಕೆ, ತಾನು ಮುದುಕರ ಮೊಣಕಾಲಿಗೆ.

"ನಮ್ಮವರದು," ಎಂದಳು.

"ಯಜಮಾನರದಾ? ಎಲ್ಲಿದಾರೆ ಅವರು?"

"ಅಲ್ಲಿ ಪೆಟ್ಟಿಗೆ ಹಿಡ್ಕೊಂಡು ನಿಂತಿದಾರಲ್ಲ, ಅವರು." ಅವಳು ಬೆರಳು ತೋರಿಸಿದಳು. "ಅವರಿಗೆ ಇನ್ನೂ ಗೊತ್ತಿಲ್ಲ."

ಹವಾಲ್ದಾರ ಅವಳನ್ನು ನೋಡಿದ, ಅವನನ್ನು ನೋಡಿದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ದಂಡ ತಪ್ಪಿಸಿಕೊಳ್ಳಲು ಜನ ಹೇಳಿದ ಕಾರಣಗಳನ್ನೆಲ್ಲ ಅವನು ಕೇಳಿದ್ದ, ಇದೊಂದನ್ನು ಬಿಟ್ಟು.

"ಏನ್ರೀ," ಎಂದ ಅವನು ಕೌಸ್ತುಭನ ಕಡೆ ತಿರುಗಿ, "ಇವರು ಹೇಳೋದು ನಿಜಾನಾ?"

ಕೌಸ್ತುಭ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟ. ಓಣಿ ದಾಟಿ ಬಂದ. ಬೆಸ ತಾರೀಖಿಗೆ ಅವಳ ಕಡೆಗೆ ಅವನು ಆ ನಾಲ್ಕು ಹೆಜ್ಜೆ ದಾಟಿದ್ದು ಅದೇ ಮೊದಲು.

"ನಿಜ, ಸಾಹೇಬರೇ," ಎಂದ. ಕಣ್ಣು ಮಾತ್ರ ಅವಳ ಮೇಲೇ ಇತ್ತು. "ಈಗ ಗೊತ್ತಾಯ್ತು."

ದಂಡ ಹಾಕಿದರು. ನಿಯಮ ನಿಯಮವೇ. ಆದರೆ ಗಾಡಿ ಎತ್ತಲಿಲ್ಲ. ಹೊಸ ಹೆಂಡತಿಯ ಕೈಯಲ್ಲಿ ಕ್ಯಾಲೆಂಡರು ಕೊಡಬೇಡಿ ಎಂದು ಹವಾಲ್ದಾರ ಹೇಳಿ ವ್ಯಾನು ಹತ್ತಿದ. ಕಿಟಕಿಗಳು ಮಾತ್ರ ಮುಚ್ಚಲಿಲ್ಲ.

"ಇಳೀತೀರಾ?" ಎಂದ ಕೌಸ್ತುಭ ಮೆಲ್ಲಗೆ.

"ವ್ಯಾನು ಪೂರ್ತಿ ಹೋಗ್ಲಿ. ಸ್ವಲ್ಪ ಇರಿ."

"ನಾನು ಎಲ್ಲಿಗೆ ಹೋಗ್ಲಿ. ಗಾಡಿ ಮೇಲೆ ನೀವೇ ಕೂತಿದೀರಿ." ಅವನು ನಗಲು ನೋಡಿದ, ಆಗಲಿಲ್ಲ. "ಎರಡು ತಿಂಗಳಿಂದ ಹೇಳ್ಬೇಕು ಅಂತಿದ್ದೆ. ದಿನ ಬಿಟ್ಟು ದಿನ ಬಟ್ಟೆ ಹಿಡ್ಕೊಂಡು ನಿಂತದ್ದು ಅದಕ್ಕೇ."

"ನಾನು ವಾದ ಮಾಡ್ತೀನಿ. ಎಲ್ಲದಕ್ಕೂ."

"ಗೊತ್ತು. ಅದನ್ನ ಕೇಳೋಕೇ ದಿನ ಎಣಿಸ್ತಿದ್ದೆ."

ಅವಳು ಹ್ಯಾಂಡಲಿನ ಮೇಲಿದ್ದ ತನ್ನ ಕೈ ತೆಗೆಯಲಿಲ್ಲ, ಅವನು ಅದರ ಮೇಲೆ ತನ್ನದನ್ನಿಟ್ಟ. ಹಿಂದೆ ಒಂದು ರಿಕ್ಷಾ ಬಂದು ಹಾರ್ನು ಹೊಡೆಯತೊಡಗಿತು.

"ಈ ಬದಿ ನಿಲ್ಲಿಸೋ ಹಾಗಿಲ್ಲ, ಆ ಬದಿ ತುಂಬಿಹೋಗಿದೆ," ಎಂದ ಕೌಸ್ತುಭ. "ಎಲ್ಲಿ ನಿಲ್ಲಿಸ್ಲಿ ಹೇಳಿ."

ಶಾಲ್ಮಲಿ ಇಳಿದು ವಾಡೆಯ ಬಾಗಿಲನ್ನು ಪೂರ್ತಿ ತೆರೆದಳು.

"ಒಳಗೆ," ಎಂದಳು.

ಅವನು ಬೈಕನ್ನು ಹೊಸ್ತಿಲು ದಾಟಿಸಿ ಅಂಗಳಕ್ಕೆ ತಂದ. ಜಗಲಿಯ ಮೇಲಿದ್ದ ಆತ್ಯಾ ಕನ್ನಡಕ ಸರಿಮಾಡಿಕೊಂಡು, ಸ್ಕೂಟರಿಗೆ ತಾಗದ ಹಾಗೆ ನಿಲ್ಲಿಸಪ್ಪಾ ಎಂದು ಹೇಳಿ, ಆ ಊರಲ್ಲಿ ಹೆಣ್ಣು ನೋಡಲು ಬಂದವರಿಗೆ ಕೊಡುವ ಅವಲಕ್ಕಿ ನೆನೆಹಾಕಲು ಅಡಿಗೆಮನೆಗೆ ಹೋದರು.