ಸೋಪಿನ ಡಬ್ಬಿಯೂ ಫ್ರಿಜ್ಜೂ

"ಹೀಟರ್ ಹಾಕು ಅಪ್ಪಾ! ನನ್ನ ಮೂಗು ಮುಖದಲ್ಲಿದ್ಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ."

ತಿರಿಲ್ ಹಿಂದಿನ ಸೀಟಿನಲ್ಲಿ ಮುದುರಿ ಕೂತಿದ್ದಳು. ತಲೆಗೆ ಉಣ್ಣೆ ಟೋಪಿ, ಕೈಗೆ ಉಣ್ಣೆ ಗವಸು, ಮೇಲೊಂದು ಸ್ಲೀಪಿಂಗ್ ಬ್ಯಾಗು. ಆದರೂ ಬಾಯಿ ತೆರೆದರೆ ಹೊಗೆ ಬರುತ್ತಿತ್ತು. ಹೊರಗೆ ಅಲ್ಲ, ಕಾರಿನ ಒಳಗೆ!

"ಹೀಟರ್ ಹಾಕಿದ್ರೆ ಚಾರ್ಜ್ ತಿಂದುಬಿಡುತ್ತೆ ಪುಟ್ಟಿ," ಎಂದ ಅಪ್ಪ. "ಬೆಟ್ಟ ಹತ್ತಿ ಇಳಿದ್ರೆ ಆಯ್ತು, ನಮ್ಮ ಬೆಟ್ಟದ ಮನೆ ಬಂದೇಬಿಡ್ತು."

ಮುಂದಿನ ಸೀಟಿನಲ್ಲಿದ್ದ ಅಜ್ಜಿ ಈಸ್ಟರ್ ರಜೆಗೆಂದು ತಂದಿದ್ದ ಕಿತ್ತಳೆಯೊಂದನ್ನು ಸುಲಿಯಲು ನೋಡಿದಳು. ಉಗುರು ಇಳಿಯಲಿಲ್ಲ. ಅದನ್ನು ತೆಗೆದು ಮಗನ ಮೂಗಿನ ಮುಂದೆ ಹಿಡಿದಳು.

"ನೋಡೋ ಯೂಸ್ತೈನ್, ಕಲ್ಲಾಗಿದೆ. ನಿಮ್ಮಪ್ಪನ ಹಳೇ ಡೀಸೆಲ್ ಕಾರಲ್ಲಿ ಕಿಟಕಿನೇ ಸರಿಯಾಗಿ ಮುಚ್ಚುತ್ತಿರಲಿಲ್ಲ. ಆದ್ರೂ ನನ್ನ ಕಾಲು ಬೆಚ್ಚಗಿರ್ತಿತ್ತು. ನೀನು ಅಷ್ಟೊಂದು ದುಡ್ಡು ಸುರಿದು ಹೆತ್ತ ತಾಯಿನ ಮಂಜುಗಡ್ಡೆ ಮಾಡ್ತಿದ್ದೀಯ. ಭಲೇ!"

ಅಪ್ಪನ ಕಣ್ಣೆಲ್ಲ ಮುಂದೆ ಹೋಗುತ್ತಿದ್ದ ಕಾರಿನ ಮೇಲಿತ್ತು.

ಅದು ಪಕ್ಕದ ಮನೆಯ ತೂರೆಯ ಕಾರು. ಹೆಸರು ತಾರ್ಗೊ. ಅಪ್ಪನದು ಲುಮಾ. ಎರಡೂ ಎಲೆಕ್ಟ್ರಿಕ್ ಕಾರು, ಎರಡೂ ಬೂದು ಬಣ್ಣ. ಕಳೆದ ಆಗಸ್ಟಿನಲ್ಲಿ ಎರಡೂ ಒಂದೇ ವಾರ ಬಂದವು. ಅವತ್ತಿನಿಂದ ಇಬ್ಬರು ದೊಡ್ಡ ಮನುಷ್ಯರಿಗೆ ತಲೆ ಕೆಟ್ಟಿತು.

ಆಗಸ್ಟ್ ಅಂದರೆ ಅವರ ನಾಡಿನಲ್ಲಿ ಬೇಸಿಗೆ. ಆಗ, "ಒಂದು ಚಾರ್ಜಿಗೆ ನಿಂದು ಎಷ್ಟು ದೂರ ಓಡುತ್ತಯ್ಯಾ?" ಎಂದು ಶುರುವಾದ ಮಾತು ಚಳಿಗಾಲಕ್ಕೆ ಬೇಲಿಯ ಮೇಲಿನ ಜಗಳವಾಯಿತು. ಚಳಿ ಬಿದ್ದ ಮೇಲೆ ಎರಡು ಕಾರೂ ಮೊದಲಿನ ಅರ್ಧ ದೂರವೂ ಓಡುತ್ತಿರಲಿಲ್ಲ. ಅದನ್ನು ಇಬ್ಬರೂ ಒಪ್ಪಬೇಕಲ್ಲ! ಲುಮಾದ ಬಾಗಿಲಿನ ಹಿಡಿಕೆ ಒಳಗೆ ಹುದುಗಿಕೊಂಡು ಹಿಮಗಟ್ಟುತ್ತಿತ್ತು. ಅಪ್ಪ ದಿನಾ ಬೆಳಗ್ಗೆ ಬಾಗಿಲಿಗೆ ಗುದ್ದಿ ಗುದ್ದಿ ತೆಗೆಯುತ್ತಿದ್ದ. ತೂರೆ ಕಿಟಕಿಯಲ್ಲಿ ನಿಂತು ಕಾಫಿ ಕುಡಿಯುತ್ತ ನಗುತ್ತಿದ್ದ. ಆದರೆ ಅವನ ತಾರ್ಗೊದಲ್ಲಿ ವೈಪರ್ ಹಾಕಬೇಕೆಂದರೂ ಸ್ಕ್ರೀನ್ ಒತ್ತಬೇಕು, ಗವಸು ಹಾಕಿದ ಬೆರಳಿಗೆ ಆ ಸ್ಕ್ರೀನ್ ಮಿಸುಕುತ್ತಲೂ ಇರಲಿಲ್ಲ. ಅವನು ಮೂಗಿನ ತುದಿಯಿಂದ ಸ್ಕ್ರೀನ್ ಒತ್ತುವುದನ್ನು ಅಪ್ಪ ಒಂದು ದಿನ ನೋಡಿಬಿಟ್ಟ. ಆ ಸಂಜೆ ಊಟಕ್ಕೆ ಕೂತಾಗಲೂ ಅದೇ ಮಾತು, ಅದೇ ನಗು.

"ಏನೇ ಹೇಳು, ನಮ್ಮ ಡಿಕ್ಕಿ ಎಷ್ಟು ದೊಡ್ಡದು! ಆ ಹಲಗೆ ಎಷ್ಟು ಗಟ್ಟಿ!" ಎಂದು ಅಪ್ಪ ಕೊನೆಗೆ ಸೇರಿಸುತ್ತಿದ್ದ. ಡಿಕ್ಕಿಯ ತಳದಲ್ಲಿ ಒಂದು ಹಲಗೆ ಇತ್ತು. ಬಂದವರಿಗೆಲ್ಲ ಅದನ್ನು ಎತ್ತಿ ತೋರಿಸುತ್ತಿದ್ದ. ಹಲಗೆ! ಜನ ಮಗು ಹುಟ್ಟಿದರೂ ಇಷ್ಟು ತೋರಿಸುವುದಿಲ್ಲ.

ಇದೆಲ್ಲ ಅವರವರ ಹಣೆಬರಹ ಎಂದು ಬಿಡಬಹುದಿತ್ತು. ಆದರೆ ತೂರೆಯ ಮಗ ಬ್ರಾಗೆ ತಿರಿಲ್‌ಳ ಕ್ಲಾಸಿನವನು. ಕ್ಲಾಸಿನವನು ಏನು ಬಂತು, ನಡೆಯಲು ಕಲಿತಾಗಿನಿಂದ ಅವಳ ಜೊತೆಗಾರ.

ಫೆಬ್ರವರಿಯಲ್ಲಿ ಒಂದು ದಿನ ಊಟದ ಬಿಡುವಿನಲ್ಲಿ ತಿರಿಲ್ ಎಲ್ಲರ ಮುಂದೆ ಹೇಳಿಬಿಟ್ಟಳು: "ನಿಮ್ಮ ಕಾರು ಫ್ರಿಜ್ಜು. ನಿಮ್ಮಪ್ಪ ಮೂಗಲ್ಲಿ ಡ್ರೈವ್ ಮಾಡ್ತಾನೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಬ್ರಾಗೆಯ ಕಿವಿ ಕೆಂಪಾಯಿತು.

"ನಿಮ್ದು ಹಿಡಿಕೆ ಇಲ್ದಿರೋ ಸೋಪಿನ ಡಬ್ಬಿ! ನಿಮ್ಮಪ್ಪ ದಿನಾ ಅದರ ಜೊತೆ ಬಾಕ್ಸಿಂಗ್ ಆಡ್ತಾನೆ!"

ಮತ್ತೆ ನಗು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲದಿದ್ದರೆ ಹಿಮಬಂಡಿ ಹೇಗೆ ಆದೀತು? ಈಸ್ಟರ್ ಶನಿವಾರ, ರಜೆಗೆ ಬೆಟ್ಟದ ಮನೆಗಳಿಗೆ ಬರುವ ಮಕ್ಕಳಿಗೆಲ್ಲ ಹಿಮಬಂಡಿ ಓಟ. ಬಂಡಿಯನ್ನು ಸ್ವಂತ ಕೈಯಿಂದಲೇ ಮಾಡಿರಬೇಕು, ಇಬ್ಬರು ಕೂರಬೇಕು. ಬ್ರಾಗೆ ಎರಡು ಹಳೆಯ ಸ್ಕೀಗಳನ್ನು ಅಡ್ಡಪಟ್ಟಿ ಹೊಡೆದು ಜೋಡಿಸಿದ್ದ. ತಿರಿಲ್ ಮೇಲೆ ಕೂರುವ ಹಲಗೆಗೆ ಬಣ್ಣ ಬಳಿದಿದ್ದಳು. ಸ್ಕೀಗಳು ಅವನ ಮನೆಯಲ್ಲಿ ಉಳಿದವು, ಹಲಗೆ ಇವಳ ಮನೆಯಲ್ಲಿ. ಇವತ್ತು ಬೆಳಗ್ಗೆ ಸಾಮಾನು ತುಂಬುವಾಗ ತಿರಿಲ್ ಶೆಡ್ಡಿಗೆ ಹೋಗಿ ಹಲಗೆಯನ್ನು ಎತ್ತಿಕೊಂಡಳು. "ಅವನೇ ಮೊದಲು ಮಾತಾಡ್ಲಿ," ಎಂದು ಮತ್ತೆ ಕೆಳಗಿಟ್ಟು ಬಂದಳು.

ಅಷ್ಟರಲ್ಲಿ ಬೇಲಿಯ ಬಳಿ ಅಪ್ಪಂದಿರ ಪಂದ್ಯ ಕಟ್ಟಿ ಮುಗಿದಿತ್ತು. ದಾರಿಯಲ್ಲಿ ಒಂದು ಸಲವೂ ಚಾರ್ಜ್ ಹಾಕದೆ ಬೆಟ್ಟದ ಮನೆ ಮುಟ್ಟಿದವನು ಗೆದ್ದ ಹಾಗೆ. ಅದಕ್ಕೇ ಈ ಹೀಟರ್ ಇಲ್ಲದ ಸವಾರಿ. ಬೆಟ್ಟದ ಬುಡದ ಪೇಟೆಯಲ್ಲಿ ಚಾರ್ಜಿಂಗ್ ಸ್ಟೇಷನ್ ಬಂತು. ತೂರೆ ತಿರುಗಲಿಲ್ಲ. ಅಪ್ಪನೂ ತಿರುಗಲಿಲ್ಲ.

"ಅಪ್ಪಾ, ಹದಿನಾಲ್ಕು ಪರ್ಸೆಂಟ್ ಅಷ್ಟೇ ಇದೆ," ಎಂದಳು ತಿರಿಲ್.

"ಸಾಕು, ಸಾಕು."

ಬೆಟ್ಟದ ಅಂಚಿಗೆ ಬರುವಷ್ಟರಲ್ಲಿ ಗಾಳಿ ಎದ್ದಿತ್ತು. ರಸ್ತೆಗೆ ಅಡ್ಡಗಟ್ಟೆ ಇಳಿದಿತ್ತು, ಹಳದಿ ದೀಪ ಮಿಣುಕುತ್ತಿತ್ತು. ಕಾರುಗಳ ಉದ್ದ ಸಾಲು ನಿಂತಿತ್ತು. ಇನ್ನು ಒಬ್ಬೊಬ್ಬರೇ ಹೋಗುವಂತಿಲ್ಲ. ಹಿಮ ತಳ್ಳುವ ದೊಡ್ಡ ಗಾಡಿ ಮುಂದೆ, ಅದರ ಹಿಂದೆ ಎಲ್ಲ ಕಾರುಗಳೂ ಒಟ್ಟಾಗಿ. ಮಧ್ಯದಲ್ಲಿ ಒಂದು ಕಾರು ನಿಂತರೆ ಅದರ ಹಿಂದಿನವರೆಲ್ಲ ಆ ಬಿಳಿ ಗಾಳಿಯಲ್ಲಿ ಸಿಕ್ಕಿಕೊಂಡ ಹಾಗೆಯೇ. ಇದು ಅಲ್ಲಿಯ ಪುಟ್ಟ ಮಕ್ಕಳಿಗೂ ಗೊತ್ತು.

ಹಳದಿ ಕೋಟಿನ ಹೆಂಗಸೊಬ್ಬಳು ಪ್ರತಿ ಕಾರಿನ ಕಿಟಕಿ ತಟ್ಟುತ್ತ ಬಂದಳು. ತೂರೆಯ ಕಾರಿನ ಬಳಿ ನಿಂತಳು.

"ಬೆಚ್ಚನೆ ಬಟ್ಟೆ ಇದ್ಯಾ? ಚಾರ್ಜ್ ಎಷ್ಟಿದೆ? ಮೇಲೆ ಎರಡು ಗಂಟೆ ನಿಲ್ಲಬೇಕಾದ್ರೂ ಆಗಬಹುದು."

"ಅರವತ್ತು ಪರ್ಸೆಂಟ್!" ಎಂದು ತೂರೆ ಕೂಗಿದ. ಆ ಹೆಂಗಸಿಗೆ ಹೇಳಲು ಅಷ್ಟು ಜೋರು ಬೇಕಿರಲಿಲ್ಲ. ಅದು ಹಿಂದಿನ ಕಾರಿಗೆ ಹೇಳಿದ್ದು.

ಆಮೇಲೆ ಅಪ್ಪನ ಕಿಟಕಿಗೆ ಬಂದಳು. ಅಪ್ಪ ಗಂಟಲು ಸರಿಮಾಡಿಕೊಂಡ.

"ಅರವತ್ತೈದು," ಎಂದ.

ತಿರಿಲ್ ಸ್ಕ್ರೀನ್ ನೋಡಿದಳು. ಹದಿಮೂರಕ್ಕೆ ಇಳಿದಿತ್ತು.

ಈಗ ಬಾಯಿ ಬಿಟ್ಟರೆ ಅಪ್ಪ ಸೋತ. ರಜೆ ಮುಗಿಸಿ ಸ್ಕೂಲಿಗೆ ಹೋದರೆ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಬ್ರಾಗೆ ವರ್ಷವೆಲ್ಲ ಆಡಿಕೊಂಡು ನಗುತ್ತಾನೆ. ಸುಮ್ಮನಿದ್ದುಬಿಡೋಣವೇ?

ಅಷ್ಟರಲ್ಲಿ ಮುಂದಿನ ಕಾರಿನ ಹಿಂದಿನ ಗಾಜನ್ನು ಒಳಗಿನಿಂದ ಯಾರೋ ಒರೆಸಿದರು. ಮಂಜು ಹಿಡಿದ ಗಾಜಿನಲ್ಲಿ ಒಂದು ಸಣ್ಣ ದುಂಡು ಜಾಗ ತಿಳಿಯಾಯಿತು. ಅಲ್ಲಿ ಬ್ರಾಗೆಯ ಮುಖ ಕಂಡಿತು. ಅವನೂ ಕಣ್ಣಿನವರೆಗೆ ಉಣ್ಣೆ ಟೋಪಿ ಎಳೆದುಕೊಂಡಿದ್ದ. ಅವನ ಬಾಯಿಂದಲೂ ಹೊಗೆ ಬರುತ್ತಿತ್ತು. ಅವನು ನಗುತ್ತಿರಲಿಲ್ಲ. ಅವನಿಗೆ ಭಯವಾಗಿತ್ತು.

ಹಳದಿ ಕೋಟಿನ ಹೆಂಗಸು ಹಿಂದಿನ ಕಾರಿನತ್ತ ಹೊರಟಿದ್ದಳು.

"ಹದಿಮೂರು!" ಎಂದು ಕಿರುಚಿದಳು ತಿರಿಲ್. "ಅರವತ್ತೈದಲ್ಲ, ಹದಿಮೂರು!"

"ತಿರಿಲ್!" ಎಂದ ಅಪ್ಪ.

ಹೆಂಗಸು ತಿರುಗಿ ಬಂದು ಕಿಟಕಿಗೆ ಬಗ್ಗಿದಳು. "ಯಾರದು ಸರಿ?"

"ನನಗೆ ಕನ್ನಡಕ ಇಲ್ದೆ ಕಾಣಲ್ಲ," ಎಂದಳು ಅಜ್ಜಿ. "ನನ್ನ ಮೊಮ್ಮಗಳಿಗೆ ಚೆನ್ನಾಗಿ ಕಾಣುತ್ತೆ. ನನ್ನ ಮಗನಿಗೆ ಮಾತ್ರ ಆಗಸ್ಟಿನಿಂದ ಕಣ್ಣೇ ಕಾಣಿಸ್ತಿಲ್ಲ."

ಆ ಹೆಂಗಸು ಬೈಯಲಿಲ್ಲ. ಕೈ ಎತ್ತಿ ಪೇಟೆಯ ಕಡೆ ತೋರಿಸಿದಳು, ಅಷ್ಟೇ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಅಷ್ಟು ಕಾರುಗಳ ಜನ ನೋಡುತ್ತಿರುವಾಗ ಲುಮಾ ಸಾಲಿನಿಂದ ಹೊರಬಂದು, ಹಿಂದೆ ಮುಂದೆ ಹೋಗಿ ಕಷ್ಟಪಟ್ಟು ತಿರುಗಿತು. ತಿರಿಲ್ ಯಾರಿಗೂ ಕಾಣದಂತೆ ಸೀಟಿನ ಕೆಳಗೆ ಜಾರಿದಳು. ಕಣ್ಣಲ್ಲಿ ನೀರು ಬಂತು.

"ನನ್ನ ಮಾನ ಕಳೆದೆ," ಎಂದ ಅಪ್ಪ.

"ಇದ್ರೆ ತಾನೇ ಕಳೆಯೋದು. ಬಾಯ್ಮುಚ್ಚಿಕೊಂಡು ಓಡಿಸು," ಎಂದಳು ಅಜ್ಜಿ.

ಒಂದು ತಿರುವು ಕಳೆದಿರಬೇಕು. ಅಜ್ಜಿ ಪಕ್ಕದ ಕನ್ನಡಿ ನೋಡಿ "ಹೋ ಹೋ" ಎಂದು ಜೋರಾಗಿ ನಕ್ಕಳು. ತಿರಿಲ್ ತಲೆ ಎತ್ತಿ ಹಿಂದೆ ನೋಡಿದಳು. ತಾರ್ಗೊ ಬೆನ್ನಿಗೇ ಬರುತ್ತಿತ್ತು.

ಪೇಟೆಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಹಬ್ಬದ ಗದ್ದಲ. ಎರಡು ಕಾರಿಗೂ ಕೇಬಲ್ ಸಿಕ್ಕುವಷ್ಟರಲ್ಲಿ ಅಜ್ಜಿಯ ಕಿತ್ತಳೆಯೂ ಮೆತ್ತಗಾಯಿತು. ಅಪ್ಪ ಮತ್ತು ತೂರೆ ಪಕ್ಕಪಕ್ಕದಲ್ಲಿ ನಿಂತು ಬೂಟಿನಿಂದ ಹಿಮ ಕೆದಕುತ್ತಿದ್ದರು.

"ನೀನು ಇಲ್ಲಿ ತಿರುಗಿದ್ರೆ ನಾನೂ ತಿರುಗೋಣ ಅಂತ ಕನ್ನಡೀಲಿ ನೋಡ್ತಾನೇ ಇದ್ದೆ ಕಣಯ್ಯಾ," ಎಂದ ತೂರೆ.

"ನಾನು ನಿನ್ನ ಇಂಡಿಕೇಟರ್ ನೋಡ್ತಾ ಇದ್ದೆ!" ಎಂದ ಅಪ್ಪ.

"ಎರಡು ಕತ್ತೆಗಳು," ಎಂದು ಅಜ್ಜಿ ಇಬ್ಬರ ಕೈಗೂ ಬಿಸಿ ಕೋಕೋ ಕೊಟ್ಟಳು.

ತಿರಿಲ್ ದೂರದಲ್ಲಿ ಹಿಮದ ಗುಡ್ಡೆಯ ಬಳಿ ನಿಂತಿದ್ದಳು. ಬ್ರಾಗೆ ಬಂದ. ಈಗ ಶುರುವಾಗುತ್ತದೆ ಎಂದು ಅವಳು ಹಲ್ಲು ಕಚ್ಚಿದಳು.

"ನೀವು ಸಾಲು ಬಿಟ್ರಲ್ಲ, ಆಗ ನಾನೂ ಹೇಳಿಬಿಟ್ಟೆ," ಎಂದ ಅವನು. "ನಮ್ದು ಹನ್ನೊಂದೇ ಇದ್ದದ್ದು. ನಾನು ಅದಕ್ಕೆ ಮೊದಲೇ ಹೇಳಬೇಕಿತ್ತು. ಆಗಲಿಲ್ಲ. ನೀನು ಆಡ್ಕೋತೀಯ ಅಂತ."

ತಿರಿಲ್ ಕೂಡ ಅದನ್ನೇ ಅಂದುಕೊಂಡಿದ್ದಳಲ್ಲ!

ಬ್ರಾಗೆ ತಾರ್ಗೊದ ಡಿಕ್ಕಿ ತೆಗೆದ. ಚೀಲಗಳ ಸಂದಿಯಲ್ಲಿ ಎರಡು ಹಳೆಯ ಸ್ಕೀಗಳ ತುದಿ ಕಾಣುತ್ತಿತ್ತು. ಅಡ್ಡಪಟ್ಟಿ, ಹೊಸ ಹಗ್ಗ, ಎಲ್ಲ ಇತ್ತು.

"ಹಲಗೆ ತಂದಿದ್ದೀಯಾ?" ಎಂದು ಕೇಳಿದ.

ತಿರಿಲ್‌ಳ ಮುಖ ಬಿಸಿಯಾಯಿತು. ಆ ಹಲಗೆಯನ್ನು ಕೈಗೆತ್ತಿಕೊಂಡು ಬೇಕೆಂದೇ ಕೆಳಗಿಟ್ಟಿದ್ದು ನೆನಪಾಯಿತು. ಮಾತಿಲ್ಲದಿದ್ದರೂ ಅವನು ತಂದಿದ್ದಾನೆ.

"ಇಲ್ಲ," ಎಂದಳು. "ಬೇಕು ಅಂತಲೇ ಬಿಟ್ಟುಬಂದೆ."

ಬ್ರಾಗೆ ಡಿಕ್ಕಿ ಮುಚ್ಚಲು ಹೋದ.

"ತಾಳು," ಎಂದಳು ತಿರಿಲ್. ಓಡಿಹೋಗಿ ಲುಮಾದ ಡಿಕ್ಕಿ ತೆಗೆದಳು. ಚೀಲ, ಸೂಟ್‌ಕೇಸು, ಅಜ್ಜಿಯ ಹೆಣಿಗೆ ಬುಟ್ಟಿ ಎಲ್ಲವನ್ನೂ ಹಿಮದ ಮೇಲೆ ಎಸೆದಳು. ತಳದ ಹಲಗೆಗೆ ಬೆರಳು ತೂರಿಸಿ ಎಳೆದಳು. ಅಪ್ಪ ಊರಿಗೆಲ್ಲ ತೋರಿಸಿದ ಆ ಹಲಗೆ ಒಂದೇ ಏಟಿಗೆ ಎದ್ದುಬಂತು. ಸ್ಕೀಗಳ ಮೇಲೆ ಇಟ್ಟರು. ಸ್ವಲ್ಪ ಅಗಲ ಹೆಚ್ಚಾಯಿತು, ಅಷ್ಟೇ. ಬ್ರಾಗೆ ಹಗ್ಗ ಬಿಗಿದ.

"ಏಯ್, ಅದು ನಮ್ಮ ಡಿಕ್ಕಿ ಹಲಗೆ ಅಲ್ವಾ?" ಎಂದು ಅಪ್ಪ ಕೋಕೋ ಚೆಲ್ಲಿಕೊಂಡು ಓಡಿಬಂದ. ಸುತ್ತ ಒಂದು ಸಲ ಬಂದು ನೋಡಿದ. ಮೆಲ್ಲಗೆ ಅವನ ಮುಖ ಅರಳಿತು. "ನೋಡಿದ್ಯಾ ತೂರೆ? ಇಂಥ ಹಲಗೆ ನಿನ್ನ ತಾರ್ಗೊದಲ್ಲಿ..."

"ಸ್ಕೀ ಯಾರದಯ್ಯಾ? ನಮ್ದು ಅಲ್ವಾ?" ಎಂದ ತೂರೆ.

ತಿರಿಲ್ ಬ್ರಾಗೆಯ ಮುಖ ನೋಡಿದಳು. ಬ್ರಾಗೆ ಅವಳ ಮುಖ ನೋಡಿದ. ಇಬ್ಬರೂ ತುಟಿ ಕಚ್ಚಿಕೊಂಡರು. ಆದರೂ ನಗು ತಡೆಯಲಾಗಲಿಲ್ಲ.

"ನಮ್ದು ಸೋಪಿನ ಡಬ್ಬಿನೇ ಕಣೋ," ಎಂದಳು ತಿರಿಲ್, ಬಂಡಿಯನ್ನು ಗುಡ್ಡೆಯ ಮೇಲೆ ಎಳೆಯುತ್ತ. "ನಿನ್ನೆ ಬಾಗಿಲು ತೆಗೆಯೋಕೆ ಅಪ್ಪ ಹೇರ್ ಡ್ರೈಯರ್ ಹಿಡ್ಕೊಂಡು ನಿಂತಿದ್ದ."

"ನಮ್ದು ಫ್ರಿಜ್ಜೇ. ಅಮ್ಮ ಬೆಣ್ಣೆನ ಸೀಟಿನ ಮೇಲೇ ಇಟ್ಟಿದ್ದಾಳೆ, ಹಾಳಾಗಲ್ಲ ಅಂತ."

ಗುಡ್ಡೆಯ ತುದಿಯಲ್ಲಿ ಬ್ರಾಗೆ ಮುಂದೆ ಕೂತು ಹಗ್ಗ ಹಿಡಿದ. ತಿರಿಲ್ ಅವನ ಬೆನ್ನಿಗೆ ಆತುಕೊಂಡು ಕೂತಳು. ಎಷ್ಟೋ ಹೊತ್ತಿನ ಮೇಲೆ ಅವಳ ಮೂಗು ಬೆಚ್ಚಗಾಗುತ್ತಿತ್ತು.

"ತಿರಿಲ್!" ಕೆಳಗಿನಿಂದ ಅಪ್ಪನ ಕೂಗು ಕೇಳಿತು. "ಬೇಗ ಬಾ, ನೋಡು! ನಮ್ದೇ ಮೊದಲು ಚಾರ್ಜ್ ತುಂಬಿದ್ದು!"

ತಿರಿಲ್ ತಿರುಗಿ ನೋಡಲಿಲ್ಲ. ಎರಡೂ ಕಾಲಿನಿಂದ ಹಿಮವನ್ನು ಒದ್ದಳು.

"ಗಟ್ಟಿಯಾಗಿ ಹಿಡ್ಕೋ ಬ್ರಾಗೆ," ಎಂದಳು.