ಸವಳಂಗದಾಕೆಗೆ ಫೋನ್

ಓಬಳಪ್ಪ ಚಾಕುವನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದ.

ಹೊನ್ನಾಳಿ. ತುಂಗಭದ್ರೆಯ ದಂಡೆ. ಮಟಮಟ ಮಧ್ಯಾಹ್ನ. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಮೇಲೆ ಪಾಳು ಮಂಟಪದ ಕಂಬಕ್ಕೆ ನನ್ನ ಬೆನ್ನು ಅಂಟಿತ್ತು.

"ಅವಳನ್ನ ಎಲ್ಲಿ ಇಟ್ಟೀಯಲೇ ದುರುಗ?"

"ಕಾಶಿಗೆ ಹೋದ್ಲು," ಅಂದೆ.

ಚಾಕು ಅಂಗಿ ದಾಟಿ ಚರ್ಮಕ್ಕೆ ತಾಗಿತು. ನಾನು ನಕ್ಕೆ. ನಗು ಬಂದಿತ್ತು ಅಂದುಕೊಳ್ಳಬೇಡಿ ಸ್ವಾಮೀ... ಓಬಳಪ್ಪನಂಥವರ ಮುಂದೆ ಬೆವರಿದರೆ ಕೆಟ್ಟ ಹಾಗೆ, ಅಷ್ಟೇ.

ನಾನು ಮೊದಲು ಪೊಲೀಸ್ ಪೇದೆ. ಸಾಹೇಬರೊಬ್ಬರ ಕಪಾಳಕ್ಕೆ ಬಿಟ್ಟು ಮನೆಗೆ ಬಂದವನು. ಆಮೇಲೆ ಚನ್ನಗಿರಿಯ ಹಾಲಸ್ವಾಮಿ ವಕೀಲರು ಕೆಲಸ ಕೊಟ್ಟರು. ಕಾಣೆಯಾದವರನ್ನು ಹುಡುಕುವುದು. ಬೇಕಾದವರನ್ನು ಕಾಣೆ ಮಾಡುವುದು.

ಎಪ್ಪತ್ತೊಂಬತ್ತರ ಆ ಬೇಸಿಗೆಯಲ್ಲಿ ನಾನು ಕಾಣೆ ಮಾಡಿದ್ದು ಶಿವಗಂಗಮ್ಮನನ್ನು.

ಅವಳ ಗಂಡ ಡ್ರೈವರ್, ಮಹೇಶ್ವರಪ್ಪ ಎಂಬ ಸಾಹುಕಾರನ ಹತ್ತಿರ. ಸಾಹುಕಾರನ ಮಗ ಕುಡಿದು ಜೀಪು ಓಡಿಸಿ ಒಬ್ಬ ಮುದುಕನನ್ನು ಕೊಂದಿದ್ದ. ತಪ್ಪನ್ನು ನೀನು ಹೊತ್ತುಕೋ ಅಂದರು. ಡ್ರೈವರ್ ಒಪ್ಪಲಿಲ್ಲ. ಸಾಹುಕಾರನ ಬಂಟ ಓಬಳಪ್ಪ ಅವನನ್ನು ಅವನ ಹಿತ್ತಲಿನಲ್ಲೇ ಮುಗಿಸಿದ. ನೀರೊಲೆಗೆ ಕಟ್ಟಿಗೆ ತರಲು ಹೋಗಿದ್ದ ಶಿವಗಂಗಮ್ಮ ಅದನ್ನು ಕಣ್ಣಾರೆ ಕಂಡಳು.

ಬೇರೆ ಸಾಕ್ಷಿ ಇರಲಿಲ್ಲ. ಸೋಮವಾರ ಶಿವಮೊಗ್ಗದ ಕೋರ್ಟಿನಲ್ಲಿ ಅವಳು ಬಾಯಿ ಬಿಟ್ಟರೆ, ಜಾಮೀನಿನ ಮೇಲೆ ಮೆರೆಯುತ್ತಿದ್ದ ಓಬಳಪ್ಪನಿಗೆ ನೇಣು. ಅಲ್ಲಿಯವರೆಗೆ ಅವಳು ಉಸಿರಾಡಬೇಕು. ನನ್ನ ಕೆಲಸ ಅಷ್ಟೇ!

ಸವಳಂಗದಲ್ಲಿ ಅವಳ ತಾಯಿ ಕಸ್ತೂರಮ್ಮನ ಮಡಿಲಿಗೆ ಕೂಸನ್ನು ಹಾಕಿಸಿ, ಅವಳನ್ನು ಜಗಳೂರಿಗೆ ಸಾಗಿಸಿದೆ. ನನಗೆ ಗೊತ್ತಿದ್ದ ಗಾದ್ರಮ್ಮನ ಮನೆಯಲ್ಲಿಟ್ಟೆ. ಹೆಸರು ಬದಲಿಸಿ ಲಕ್ಷ್ಮಮ್ಮ ಅಂತ ಮಾಡಿದೆ. ಕೊರಳ ಲಿಂಗದ ಕರಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೇಳಿದೆ. ಎದುರಿನ ತಿಪ್ಪೇಶಪ್ಪನ ದಿನಸಿ ಅಂಗಡಿಯಲ್ಲಿ ಫೋನಿತ್ತು. ಅದರ ನಂಬರನ್ನು ಕಸ್ತೂರಮ್ಮನಿಗೆ ಕೊಟ್ಟು, ಪ್ರಾಣ ಹೋಗುವ ಕೆಲಸವಿದ್ದರೆ ಮಾತ್ರ ಮಾಡು, ಮಗಳ ಹೆಸರು ಮಾತ್ರ ಬಾಯಿಗೆ ಬರಕೂಡದು ಅಂದಿದ್ದೆ. ಮುದುಕಿ ಕೂಸಿನ ತಲೆ ಮುಟ್ಟಿ ಆಣೆ ಮಾಡಿದ್ದಳು.

ಮಂಟಪಕ್ಕೆ ಬರೋಣ.

ನ್ಯಾಮತಿ ಕಡೆಯಿಂದ ಧೂಳು ಮೆತ್ತಿಕೊಂಡು ಒಬ್ಬ ಮೋಟಾರ್ ಸೈಕಲ್ಲಿನಲ್ಲಿ ಬಂದ. ಓಬಳಪ್ಪನ ಕಿವಿಯಲ್ಲಿ ಏನೋ ಉಸುರಿದ.

ಓಬಳಪ್ಪ ಚಾಕು ಮಡಿಸಿದ.

"ನೀನು ಹೇಳೋದು ಬ್ಯಾಡ ಬಿಡು."

ನನಗೆ ನಿಜವಾಗಿ ಭಯವಾದದ್ದು ಆಗಲೇ ಸ್ವಾಮೀ.

ನನ್ನ ರಾಜದೂತ್ ಗಾಡಿಯ ಕೀಯನ್ನು ಹೊಳೆಗೆ ಎಸೆದು, ನನಗೆ ಎರಡು ಬಿಟ್ಟು, ಜೀಪು ಹತ್ತಿ ಹರಿಹರದ ಕಡೆ ಹೋದರು. ಜಗಳೂರಿನ ದಾರಿ ಅದೇ! ಟ್ರಂಕ್ ಕಾಲ್ ಬುಕ್ ಮಾಡಿದರೆ ಲೈನ್ ಸಿಗುವ ಹೊತ್ತಿಗೆ ಸಂಜೆ. ಕೀ ಇಲ್ಲದೆ ಗಾಡಿ ಸ್ಟಾರ್ಟ್ ಮಾಡುವ ವಿದ್ಯೆಯನ್ನು ನನಗೆ ಕಳ್ಳರೇ ಕಲಿಸಿದ್ದರು, ಲಾಕಪ್ಪಿನಲ್ಲಿ. ವೈರು ಕಿತ್ತು ಜೋಡಿಸಿದೆ. ಹೊರಟೆ.

ಹರಿಹರ ದಾಟಿದೆ. ದಾವಣಗೆರೆಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗಾಡಿಯನ್ನು ಓರೆ ಮಾಡಿ ಗೇಟಿನಡಿ ನುಗ್ಗಿಸಿದೆ. ಗೇಟಿನವನ ಬೈಗುಳ ಗೂಡ್ಸ್ ಗಾಡಿಯ ಸದ್ದಿನಲ್ಲಿ ಮುಳುಗಿತು. ಹೊಟ್ಟೆಯ ರಕ್ತ ಬನಿಯನ್ನಿಗೆ ಒಣಗಿ ಅಂಟಿತ್ತು. ನಾನು ದೇವರನ್ನು ನೆನೆಯುವವನಲ್ಲ. ಅವತ್ತು ದಾರಿಯುದ್ದಕ್ಕೂ ನೆನೆದೆ.

ಜಗಳೂರಿನ ಬೀದಿಗೆ ಬಂದಾಗ ತಿಪ್ಪೇಶಪ್ಪ ಅಂಗಡಿಯ ಕಟ್ಟೆಯಿಂದಲೇ ಪ್ರೀತಿಯಿಂದ ಕೈ ಬೀಸಿದ.

"ಸವಳಂಗದಾಕೆ ಕಡೆಯೋರಾ? ನಿಮ್ಮೋರು ಜೀಪಿನಾಗೆ ಬಂದು ಈಗ್ತಾನೆ ಕರ್ಕಂಡು ಹೋದ್ರಲ್ರೀ."

ಸವಳಂಗದಾಕೆ!

ಆ ಮಾತು ಇವನ ಬಾಯಿಗೆ ಹೇಗೆ ಬಂತು? ಕೊರಳಪಟ್ಟಿ ಹಿಡಿದೆ. ಪಾಪ, ಅವನಿಗೆ ತಾನೇನು ತಪ್ಪು ಮಾಡಿದೆನೆಂದೇ ತಿಳಿಯಲಿಲ್ಲ. ಬೆಳಿಗ್ಗೆ ನ್ಯಾಮತಿಯಿಂದ ಪಿ.ಪಿ. ಕಾಲ್ ಬಂದಿತ್ತಂತೆ. ಅಂದರೆ ಹೆಸರು ಹೇಳಿ, ಅದೇ ಮನುಷ್ಯರನ್ನು ಕರೆಸಿ ಮಾತಾಡುವ ಟ್ರಂಕ್ ಕಾಲ್. 'ಸವಳಂಗದ ಲಕ್ಷ್ಮಮ್ಮ' ಅಂದರಂತೆ ಆಪರೇಟರ್. ಇವನು ಬೀದಿಗೆ ಇಳಿದು ಹಾಗೇ ಕೂಗಿದ. ಅಲ್ಲಿಂದ ಬೀದಿಗೆಲ್ಲ ಅವಳು ಸವಳಂಗದಾಕೆ. ಜೀಪಿನವರು ಸವಳಂಗದಾಕೆಯ ಮನೆ ಯಾವುದೆಂದು ಕೇಳಿದರು. ನಾಲ್ಕು ಮನೆಯವರು ಹೊರಗೆ ಬಂದು ಬಾಗಿಲು ತೋರಿಸಿದರು.

ಗಾದ್ರಮ್ಮ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು. ಅವಳಿಗೂ ಅಷ್ಟು ಹೊತ್ತಿಗೆ ಅನುಮಾನ ಬಂದಿತ್ತು.

"ಕೂಸಿಗೆ ಜ್ವರ ಅಂತ ಬೆಳಿಗ್ಗೆ ತಾಯಿ ಫೋನ್ ಮಾಡಿತ್ತಪ್ಪ. ಆಗ್ಲಿಂದ ಒಂದು ತುತ್ತು ಉಂಡಿಲ್ಲ ಅವಳು. ಯಾವನೋ ಬಂದು, ಕೂಸು ಜೀಪಿನಾಗೆ ಐತೆ, ದಾವಣಗೆರೆ ಆಸ್ಪತ್ರೆಗೆ ತೋರಿಸಾಕೆ ಹೊಂಟೀವಿ ಅಂದ. ಚಪ್ಪಲಿ ಸೈತ ಹಾಕ್ಕಣ್ಲಿಲ್ಲ. ಓಡಿದ್ಲು."

ಚಪ್ಪಲಿ ಬಾಗಿಲಲ್ಲೇ ಇದ್ದವು.

ದಾವಣಗೆರೆ ದಾರಿಯಲ್ಲಿ ನನಗೆ ಜೀಪು ಎದುರಾಗಿರಲಿಲ್ಲ; ಊರಿನ ಇನ್ನೊಂದು ದಾರಿಗೆ ಗಾಡಿ ತಿರುಗಿಸಿದೆ. ಊರ ಹೊರಗೆ ಕೆರೆ ಏರಿಯ ಮೇಲೆ ಜೀಪು ಎದುರಿಗೇ ಬಂತು. ನೇರ ನನ್ನ ಮೇಲೆ! ಗಾಡಿ ಸಮೇತ ಕೆಳಗೆ ಉರುಳಿದೆ. ಉರುಳುತ್ತಲೇ ನೋಡಿದೆ. ಹಿಂದಿನ ಸೀಟು ಖಾಲಿ.

ಎದ್ದು ಕುಂಟಿಕೊಂಡು ಓಡಿದೆ. ಜಾಲಿ ಮರಗಳ ಸಾಲಿನಲ್ಲಿ ಸಿಕ್ಕಳು. ಕೊರಳ ಕರಡಿಗೆ ಸೆರಗಿನಿಂದ ಹೊರಗೆ ಬಿದ್ದಿತ್ತು. ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡೆ. ಕಣ್ಣು ತೆರೆದಳು. ಯಾರು ಹೊಡೆದರೆಂದು ಹೇಳಲಿಲ್ಲ. ಕೋರ್ಟಿನ ಮಾತು ಎತ್ತಲಿಲ್ಲ.

"ಜ್ವರ ಇಳೀತಾ ಅಣ್ಣ?"

"ಇಳೀತು ತಾಯಿ," ಅಂದೆ. ನನಗೆ ಗೊತ್ತಿರಲಿಲ್ಲ. ಆ ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ.

ಹೆಣವನ್ನು ಸವಳಂಗಕ್ಕೆ ಒಯ್ದ ದಿನ ಕಸ್ತೂರಮ್ಮ ನನ್ನ ಕಾಲು ಹಿಡಿದುಕೊಂಡಳು. ನ್ಯಾಮತಿಯ ಬಟ್ಟೆ ಅಂಗಡಿಯೊಂದರ ಫೋನಿನಿಂದ ಮಾಡಿದ್ದಳು. ಲೈನ್ ಸರಿಯಿರಲಿಲ್ಲ, ಕಿರುಚಬೇಕಿತ್ತು. ಲಕ್ಷ್ಮಮ್ಮ ಅಂದರೆ ಊರಿಗೆ ಹತ್ತು ಜನ ಇರುತ್ತಾರೆ, ಯಾರೆಂದು ಕರೆಯಲಿ, ಗುರುತು ಹೇಳಮ್ಮ ಅಂದಿದ್ದರು ಆಪರೇಟರ್. ನಮ್ಮ ಕಡೆ ಬೇರೆ ಊರಿಂದ ಬಂದ ಹೆಣ್ಣಿಗೆ ಇನ್ನೇನು ಗುರುತು? ಹುಟ್ಟಿದ ಊರೇ ಹೆಸರು. ಜಗಳೂರು, ಸವಳಂಗದೋಳು, ಕೂಸಿಗೆ ಜ್ವರ... ಎಲ್ಲವನ್ನೂ ಅಂಗಡಿ ತುಂಬ ಜನ ಕೇಳಿದ್ದರು. ಅವರಲ್ಲಿ ಒಬ್ಬ ಸಾಹುಕಾರನ ಕಡೆಯವನು.

"ಹೆಸರು ಹೇಳ್ಲಿಲ್ಲಪ್ಪ ನಾನು," ಅಂದಳು ಮುದುಕಿ. "ಊರು ಹೇಳ್ದೆ, ಅಷ್ಟೇ."

ಆ ಕಾಲನ್ನು ಬಿಡಿಸಿಕೊಂಡು ಹೊರಗೆ ಬರುವುದು ಓಬಳಪ್ಪನ ಚಾಕುವಿಗಿಂತ ಕಷ್ಟವಾಯಿತು. ಒಳಗೆ ಕೂಸು ಆಡುತ್ತಿತ್ತು. ಜ್ವರ ಬಿಟ್ಟಿತ್ತು.

ಕೊಲೆಯನ್ನು ಕಣ್ಣಾರೆ ಕಂಡವರಿಲ್ಲ, ಅವಳ ಗುರುತು ಬಯಲು ಮಾಡಿದ್ದಕ್ಕಾದರೂ ಯಾರನ್ನಾದರೂ ಹಿಡಿದು ಒಳಗೆ ಹಾಕಿಸಿ ಅಂತ ಹಾಲಸ್ವಾಮಿಯವರ ಮೇಜು ಗುದ್ದಿದೆ. ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ತಂತಿಯೊಳಗಿನ ಮಾತು ಕದ್ರೆ ಕಾನೂನು ಐತೆ ದುರುಗಪ್ಪ. ಬೀದೀಲಿ ಕೂಗಿದ ಗುರುತಿಗೆ ಇಲ್ಲ. ಒಬ್ರ ಗುರುತು ಅವರ ಸ್ವತ್ತು ಅಂತ ನಮ್ಮ ದೇಶದಾಗೆ ಇನ್ನೂ ಯಾರೂ ಬರೆದಿಲ್ಲ."

ಸೋಮವಾರ ಕೋರ್ಟಿಗೆ ಹೋದೆ. ಯಾಕೆ ಹೋದೆನೋ! ಕಟಕಟೆಯಲ್ಲಿ ಓಬಳಪ್ಪ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಅವಳು ಸತ್ತ ಸುದ್ದಿ ಪೊಲೀಸ್ ಕಾಗದವಾಗಿ ಇನ್ನೂ ಕೋರ್ಟಿಗೆ ಬಂದಿರಲಿಲ್ಲ. ಜವಾನ ಬಾಗಿಲಿಗೆ ಬಂದು ಪದ್ಧತಿಯಂತೆ ಮೂರು ಸಲ ಕೂಗಿದ. ಶಿವಗಂಗಮ್ಮ... ಶಿವಗಂಗಮ್ಮ... ಶಿವಗಂಗಮ್ಮ...

ನಾನು ಅಷ್ಟು ಜೋಪಾನವಾಗಿ ಬಚ್ಚಿಟ್ಟಿದ್ದ ಹೆಸರು, ಸ್ವಾಮೀ. ಕೊನೆಗೂ ಯಾವ ತಪ್ಪೂ ಇಲ್ಲದೆ ಕೂಗಿದವನು ಅವನೊಬ್ಬನೇ.